ತತ್ತಿ ಇಡಲು ತಿಣುಕುವ ಕೋಳಿ: ಒತ್ತಬೇಡಿ, ಒಡೆಯಬೇಡಿ



ದೇವದುರ್ಗದ ಕಡೆಯ ಒಂದು ಹಿತ್ತಲನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಐದಾರು ಕೋಳಿಗಳು ಕೆದರಿಕೊಂಡು ಮೇಯುತ್ತಿವೆ. ಅವುಗಳಲ್ಲಿ ಒಂದು ಮಾತ್ರ ಮುಂಜಾನೆಯಿಂದ ಬುಟ್ಟಿ ಹತ್ತುತ್ತದೆ, ತಿಣುಕುತ್ತದೆ, ತತ್ತಿ ಇಡದೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಾಳು ಎಸೆದರೂ ಓಡಿ ಬರುವುದಿಲ್ಲ. ರೆಕ್ಕೆ ಜೋಲು ಬಿಟ್ಟು ಮೂಲೆ ಸೇರುತ್ತದೆ. "ಹೊಟ್ಟಿ ಒತ್ತಿ ತೆಗೀರಿ" ಎನ್ನುವವರು ಒಬ್ಬರು. "ಸಾಯೋದ್ರೊಳಗ ಕೊಯ್ದುಬಿಡ್ರಿ" ಎನ್ನುವವರು ಇನ್ನೊಬ್ಬರು.

ಎರಡೂ ಅವಸರದ ಮಾತುಗಳು. ತತ್ತಿ ಸಿಕ್ಕಿಕೊಂಡ ಕೋಳಿಗೆ ಹೊತ್ತಿಗೆ ಸರಿಯಾಗಿ ಆರೈಕೆ ಮಾಡಿದರೆ ಅದು ಬದುಕಿ ಮತ್ತೆ ತತ್ತಿ ಇಡಬಲ್ಲದು. ಅಲಕ್ಷಿಸಿದರೆ ಒಂದೆರಡು ದಿನಗಳಲ್ಲಿ ಸಾಯಬಹುದು. ಹಿತ್ತಲ ಕೋಳಿಯ ದುಡ್ಡು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಗೆ ಬರುವ ದುಡ್ಡು. ಸಂತೆಯ ಖರ್ಚಿಗೆ, ಮಕ್ಕಳ ಪುಸ್ತಕಕ್ಕೆ ಅದೇ ಆಧಾರ. ಆದ್ದರಿಂದ ಒಂದೇ ಕೋಳಿ ತಾನೇ ಎಂದು ಕೈಬಿಡಬಾರದು.

ಗುರುತಿಸುವುದು ಹೇಗೆ?

ತತ್ತಿ ಸಿಕ್ಕಿಕೊಂಡ ಕೋಳಿ ಮೈ ನೆಟ್ಟಗೆ ಮಾಡಿ, ಬಾಲ ಕೆಳಗೆ ಇಳಿಬಿಟ್ಟು ನಿಲ್ಲುತ್ತದೆ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತದೆ. ನಡಿಗೆಯಲ್ಲಿ ಕಾಲು ಅಗಲವಾಗುತ್ತದೆ, ಕೆಲವೊಮ್ಮೆ ಕುಂಟುತ್ತದೆ. ಹಿಕ್ಕೆ ನಿಲ್ಲುತ್ತದೆ ಅಥವಾ ಸ್ವಲ್ಪ ಸ್ವಲ್ಪ ನೀರಾಗಿ ಬೀಳುತ್ತದೆ. ಹಿಂಭಾಗದ ದ್ವಾರ ಊದಿರುತ್ತದೆ. ಅದರ ಕೆಳಗೆ ಹೊಟ್ಟೆಯ ಮೇಲೆ ಬೆರಳನ್ನು ಹಗುರವಾಗಿ ಆಡಿಸಿದರೆ ಗಟ್ಟಿ ಗಂಟು ಸಿಗಬಹುದು. ಸಿಪ್ಪೆ ಮೆತ್ತಗಿದ್ದರೆ ಗಂಟು ಸಿಗದೆಯೂ ಇರಬಹುದು.

ಕಾವು ಕೂತ ಕೋಳಿಯೊಡನೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿರಿ. ಕಾವಿನ ಕೋಳಿ ಮೈಯುಬ್ಬಿಸಿ ಗುರುಗುಟ್ಟುತ್ತದೆ, ಕೈ ಹಾಕಿದರೆ ಕುಕ್ಕುತ್ತದೆ. ಅದರ ಕಣ್ಣು ಚುರುಕಾಗಿರುತ್ತದೆ. ಹಸಿರು ಹಿಕ್ಕೆ ಹಾಕುತ್ತ ಹಲವು ಕೋಳಿಗಳು ಒಟ್ಟಿಗೆ ಮಂಕಾದರೆ ಕೊಕ್ಕರೆ ರೋಗ ಇಲ್ಲವೆ ಬೇರೆ ಸಾಂಕ್ರಾಮಿಕ ರೋಗವಿರಬಹುದು. ಆಗ ಕೋಳಿಗಳನ್ನು ಮುಟ್ಟದೆ, ಮಾರದೆ, ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು.

ಮೊದಲ ಆರೈಕೆ

1. ಕೋಳಿಯನ್ನು ಉಳಿದವುಗಳಿಂದ ಬೇರ್ಪಡಿಸಿ, ಗದ್ದಲವಿಲ್ಲದ, ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಇಡಿರಿ. ಕುಡಿಯಲು ಶುದ್ಧ ನೀರು ಎದುರಿಗೇ ಇರಲಿ. ಗಂಟಲಿಗೆ ಬಲವಂತವಾಗಿ ನೀರು ಸುರಿದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ.

2. ಅಗಲವಾದ ಬೋಗುಣಿಯಲ್ಲಿ ಬೆಚ್ಚನೆಯ ನೀರು ತೆಗೆದುಕೊಳ್ಳಿರಿ. ಕೂಸಿಗೆ ಎರೆಯುವ ನೀರಿನಷ್ಟೇ ಬಿಸುಪು ಸಾಕು. ಮೊಣಕೈ ಅದ್ದಿ ನೋಡಿರಿ. ಕೋಳಿಯ ಹೊಟ್ಟೆ ಮತ್ತು ಹಿಂಭಾಗ ಮುಳುಗುವಂತೆ 15ರಿಂದ 20 ನಿಮಿಷ ಹಿಡಿದು ಕೂರಿಸಿರಿ. ಬಿಸುಪಿನಿಂದ ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ.

3. ಹಳೆಯ ಬಟ್ಟೆಯಿಂದ ಮೈ ಒರೆಸಿ, ದ್ವಾರದ ಅಂಚಿಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿರಿ.

4. ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಒಂದೆರಡು ಗಂಟೆ ಸುಮ್ಮನೆ ಬಿಡಿರಿ. ಪದೇ ಪದೇ ಎತ್ತಿ ನೋಡಬೇಡಿರಿ. ತತ್ತಿ ಬರದಿದ್ದರೆ ಇನ್ನೊಮ್ಮೆ ಹೀಗೆಯೇ ಮಾಡಬಹುದು.

ನಮ್ಮ ಜಿಲ್ಲೆಯ ಬೇಸಿಗೆಗೆ ಒಂದು ಎಚ್ಚರಿಕೆ ಅಗತ್ಯ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬಾಯಿ ತೆರೆದು ಏದುಸಿರು ಬಿಡುವ ಕೋಳಿಯನ್ನು ಬಿಸಿನೀರಿಗೆ ಇಳಿಸಬಾರದು. ಮೊದಲು ನೆರಳು, ಗಾಳಿ, ಕುಡಿಯುವ ನೀರು ಕೊಟ್ಟು ಮೈ ತಣಿಯಲು ಬಿಡಬೇಕು. ಆಮೇಲೆ ತಂಪು ಹೊತ್ತಿನಲ್ಲಿ ಉಗುರುಬೆಚ್ಚಗಿನ ನೀರು ಸಾಕು.

ಮಾಡಬಾರದ ಕೆಲಸಗಳು

ಹೊಟ್ಟೆ ಒತ್ತಿ ತತ್ತಿ ತೆಗೆಯಲು ಹೋಗಬಾರದು. ಒಳಗಿನ ಅಂಡನಾಳ ಬಹಳ ನಾಜೂಕಾದುದು. ಅದು ಹರಿಯಬಹುದು ಅಥವಾ ತತ್ತಿಯ ಜೊತೆಗೇ ಹೊರಕ್ಕೆ ಜಾರಬಹುದು. ತತ್ತಿಯನ್ನು ಒಳಗೇ ಒಡೆಯಬಾರದು. ಒಡೆದ ಸಿಪ್ಪೆ ಗಾಜಿನ ಚೂರಿನಂತೆ ನಾಳವನ್ನು ಕೊಯ್ಯುತ್ತದೆ. ಗಾಯ ಕೀವಾಗಿ ಕೋಳಿ ಸಾಯುತ್ತದೆ. ಸೀರೆಪಿನ್ನು, ಕಡ್ಡಿ ಯಾವುದನ್ನೂ ಹಾಕಬಾರದು.

ದನಗಳಿಗೆ ಹಾಲಿಳಿಸಲು ಕೆಲವರು ಬಳಸುವ ಸೂಜಿಮದ್ದನ್ನು ಕೋಳಿಗೆ ನೀವೇ ಚುಚ್ಚಬಾರದು. ದಾರಿ ಕಟ್ಟಿಕೊಂಡಿರುವಾಗ ಆ ಮದ್ದು ನಾಳವನ್ನು ಹಿಂಡಿದರೆ ನಾಳವೇ ಒಡೆಯಬಹುದು. ಎಮ್ಮೆಗೆ ತಂದ ಕ್ಯಾಲ್ಸಿಯಂ ಟಾನಿಕ್ಕನ್ನು ಸಹ ಅಳತೆ ಕೇಳದೆ ಕುಡಿಸಬಾರದು.

ಎರಡು ಸಲ ಬಿಸುಪು ಕೊಟ್ಟರೂ ತತ್ತಿ ಬರದಿದ್ದರೆ, ಕೋಳಿ ಏಳಲಾರದಿದ್ದರೆ, ರಕ್ತ ಕಂಡರೆ ಅಥವಾ ಕೆಂಪು ಮಾಂಸ ಹೊರಬಂದರೆ ಅಂದೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. 1962 ಸಹಾಯವಾಣಿಗೂ ಕರೆ ಮಾಡಬಹುದು. ವೈದ್ಯರು ಕ್ಯಾಲ್ಸಿಯಂ ಕೊಟ್ಟು ನೋಡುತ್ತಾರೆ. ಬೇಕಾದರೆ ಸೂಜಿಯಿಂದ ತತ್ತಿಯ ಒಳತಿರುಳನ್ನು ಎಳೆದು, ಸಿಪ್ಪೆಯನ್ನು ಜೋಪಾನವಾಗಿ ಬಿಡಿಸುತ್ತಾರೆ. ಮಾಂಸ ಹೊರಬಂದ ಕೋಳಿಯನ್ನು ಹಿಂಡಿನಲ್ಲಿ ಬಿಟ್ಟರೆ ಉಳಿದವು ಕುಕ್ಕಿ ಕೊಲ್ಲುತ್ತವೆ. ಔಷಧ ಕೊಟ್ಟ ಕೋಳಿಯ ತತ್ತಿಯನ್ನು ಎಷ್ಟು ದಿನ ತಿನ್ನಬಾರದೆಂದು ವೈದ್ಯರನ್ನೇ ಕೇಳಿರಿ.

ತತ್ತಿ ಏಕೆ ಸಿಕ್ಕಿಕೊಳ್ಳುತ್ತದೆ?

ಕಾರಣಗಳು ಹಲವು. ಮೈ ಬಲಿಯುವ ಮೊದಲೇ ತತ್ತಿಗೆ ಬಂದ ಎಳೆಯ ಹೇಂಟೆ, ಎರಡು ಭಂಡಾರದ ದೊಡ್ಡ ತತ್ತಿ, ಕೊಬ್ಬಿದ ಮೈ, ವಯಸ್ಸು, ಜಂತು, ನೀರಿನ ಕೊರತೆ, ತತ್ತಿ ಇಡಲು ಮರೆಯಾದ ಜಾಗವಿಲ್ಲದಿರುವುದು ಇವೆಲ್ಲ ಸೇರುತ್ತವೆ. ಆದರೆ ಹಿತ್ತಲಲ್ಲಿ ನೀವೇ ಸುಲಭವಾಗಿ ಸರಿಪಡಿಸಬಹುದಾದ ಮುಖ್ಯ ಕಾರಣ ಸುಣ್ಣಾಂಶದ, ಅಂದರೆ ಕ್ಯಾಲ್ಸಿಯಂನ ಕೊರತೆ.

ಒಂದು ತತ್ತಿ ಒಳಗೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಸಿಪ್ಪೆ ಕಟ್ಟುವುದಕ್ಕೇ ಹೋಗುತ್ತದೆ. ಒಂದು ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತತ್ತಿಯನ್ನು ಹೊರಕ್ಕೆ ತಳ್ಳುವ ಸ್ನಾಯುಗಳು ಕೆಲಸ ಮಾಡಲು ಸಹ ಇದೇ ಕ್ಯಾಲ್ಸಿಯಂ ಬೇಕು. ಅದು ಕಡಿಮೆಯಾದಾಗ ಸಿಪ್ಪೆ ಮೆತ್ತಗಾಗುತ್ತದೆ, ತಳ್ಳುವ ಬಲವೂ ಕುಂದುತ್ತದೆ. ತತ್ತಿ ದಾರಿಯಲ್ಲೇ ನಿಲ್ಲುತ್ತದೆ.

ಈಗ ನಾವು ಹಾಕುವ ಕಾಳಿನ ಲೆಕ್ಕ ನೋಡೋಣ. 100 ಗ್ರಾಂ ಜೋಳದಲ್ಲಿರುವ ಕ್ಯಾಲ್ಸಿಯಂ 25 ಮಿಲಿಗ್ರಾಂ ಆಸುಪಾಸು. ಒಂದು ಸಿಪ್ಪೆಗೆ ಬೇಕಾದಷ್ಟು ಕ್ಯಾಲ್ಸಿಯಂ ಬರೀ ಜೋಳದಿಂದಲೇ ಸಿಗಬೇಕಾದರೆ ಕೋಳಿ 8 ಕಿಲೋ ಜೋಳ ತಿನ್ನಬೇಕು! ಅದು ದಿನಕ್ಕೆ ತಿನ್ನುವುದು 100 ಗ್ರಾಂ ಸುಮಾರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಮಾನ್ವಿಯ ಹಳ್ಳಿಗಳಲ್ಲಿ ಕೋಳಿಗೆ ನುಚ್ಚು, ತೌಡು ಹಾಕುವುದು ಸುಲಭ. ಆದರೆ ಅಕ್ಕಿಯಲ್ಲಿ ಕ್ಯಾಲ್ಸಿಯಂ ಜೋಳಕ್ಕಿಂತಲೂ ಕಡಿಮೆ. ತೌಡಿನಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಕೊರತೆ ಬಿದ್ದಷ್ಟನ್ನು ಕೋಳಿ ತನ್ನ ಎಲುಬಿನಿಂದಲೇ ಕರಗಿಸಿ ತೆಗೆಯುತ್ತದೆ.

ವರ್ಷಕ್ಕೆ 50–60 ತತ್ತಿ ಇಡುವ ನಾಟಿ ಕೋಳಿ ಮೇವಿನಲ್ಲಿ ಸಿಗುವ ಹುಳು, ಬಸವನಹುಳುವಿನ ಚಿಪ್ಪು, ಸೊಪ್ಪಿನಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತದೆ. ಆದರೆ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳ ಲೆಕ್ಕ ಬೇರೆ. ಸ್ವರ್ಣಧಾರಾ ವರ್ಷಕ್ಕೆ 180ರ ಸುಮಾರು ತತ್ತಿ ಇಡುತ್ತದೆ. ತತ್ತಿ ಮೂರು ಪಟ್ಟಾದರೆ ಸುಣ್ಣದ ಖರ್ಚೂ ಮೂರು ಪಟ್ಟು. ತಳಿ ಹೊಸದು, ಮೇವು ಹಳೆಯದು ಎಂದಾದರೆ ತೊಂದರೆ ತಪ್ಪದು.

ಬೇಸಿಗೆಯಲ್ಲಿ ಈ ಕೊರತೆ ಇನ್ನೂ ಹೆಚ್ಚುತ್ತದೆ. ಸೆಕೆಗೆ ಕೋಳಿ ಮೇವು ಕಡಿಮೆ ತಿನ್ನುತ್ತದೆ. ಏದುಸಿರಿನಿಂದ ರಕ್ತದಲ್ಲಿ ಬರುವ ಬದಲಾವಣೆಯೂ ಸಿಪ್ಪೆಯನ್ನು ತೆಳುವಾಗಿಸುತ್ತದೆ.

ಸಂಜೆಯ ಸುಣ್ಣ

ಪರಿಹಾರ ಕಷ್ಟದ್ದಲ್ಲ. ಕಪ್ಪೆಚಿಪ್ಪಿನ ನುಚ್ಚು ಅಥವಾ ಕೋಳಿಮೇವಿನ ಅಂಗಡಿಯಲ್ಲಿ ಸಿಗುವ ಸುಣ್ಣದಕಲ್ಲಿನ ತರಿಯನ್ನು ಬೇರೆ ತಟ್ಟೆಯಲ್ಲಿ ಇಡಿರಿ. ಬೇಕಾದ ಕೋಳಿ ಬೇಕಾದಷ್ಟನ್ನು ತಾನೇ ಆರಿಸಿ ತಿನ್ನುತ್ತದೆ. ಸಿಪ್ಪೆ ಹೆಚ್ಚಾಗಿ ಕಟ್ಟುವುದು ರಾತ್ರಿಯಲ್ಲಿ. ಆದ್ದರಿಂದ ಇಳಿಹೊತ್ತಿನಲ್ಲಿ ತಟ್ಟೆ ತುಂಬಿರುವಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಉಳಿದ ತತ್ತಿ ಸಿಪ್ಪೆಯನ್ನು ಚೆನ್ನಾಗಿ ಕುದಿಸಿ, ಒಣಗಿಸಿ, ಗುರುತು ಸಿಗದಂತೆ ಕುಟ್ಟಿ ಕೊಡಬಹುದು. ಸುಟ್ಟ ಸುಣ್ಣವನ್ನು, ಗೋಡೆಗೆ ಬಳಿಯುವ ಸುಣ್ಣವನ್ನು ಎಂದೂ ಕೊಡಬಾರದು. ಅದು ಬಾಯಿ, ಕರುಳನ್ನು ಸುಡುತ್ತದೆ. ತತ್ತಿಗೆ ಬಾರದ ಮರಿಗಳಿಗೆ ಹೆಚ್ಚು ಸುಣ್ಣ ಬೇಡ, ಮೂತ್ರಪಿಂಡ ಕೆಡುತ್ತದೆ.

ತಿಂದ ಸುಣ್ಣ ಮೈಗೆ ಹತ್ತಲು 'ಡಿ' ಜೀವಸತ್ವ ಬೇಕು. ಎಳೆಬಿಸಿಲಿನಲ್ಲಿ ಓಡಾಡುವ ಕೋಳಿಗೆ ಅದು ಪುಕ್ಕಟೆಯಾಗಿ ಸಿಗುತ್ತದೆ. ನೆರಳಿನಲ್ಲಿ ಎರಡು ಕಡೆ ನೀರು, ಮೂಲೆಯಲ್ಲಿ ಹುಲ್ಲು ಹಾಸಿದ ಬುಟ್ಟಿ, ವೈದ್ಯರು ಹೇಳಿದ ಕಾಲಕ್ಕೆ ಜಂತಿನ ಔಷಧ ಇಷ್ಟಿದ್ದರೆ ಸಾಕು. ಇಷ್ಟಾದರೂ ಮತ್ತೆ ಮತ್ತೆ ತಿಣುಕುವ ಕೋಳಿಯ ತತ್ತಿಯನ್ನು ಮರಿಗೆ ಇಡಬೇಡಿರಿ.

ಪಂಜರದ ಹಕ್ಕಿಗಳು

ರಾಯಚೂರು ನಗರದಲ್ಲಿ ಲವ್ ಬರ್ಡ್ಸ್ ಮುಂತಾದ ಹಕ್ಕಿ ಸಾಕಿದವರಿಗೂ ಈ ಮಾತು ಅನ್ವಯಿಸುತ್ತದೆ. ಬರೀ ನವಣೆ ತಿನ್ನುವ ಪುಟ್ಟ ಹಕ್ಕಿಗೆ ಸುಣ್ಣದ ಕೊರತೆ ಬೇಗ ತಟ್ಟುತ್ತದೆ. ಪಂಜರದಲ್ಲಿ ಕಟಲ್ ಬೋನ್ ತೂಗುಹಾಕಿರಿ. ಪುಟ್ಟ ಹಕ್ಕಿ ಕೋಳಿಯಷ್ಟು ಹೊತ್ತು ತಾಳದು. ಬೆಚ್ಚಗಿಟ್ಟು ಕೆಲವೇ ಗಂಟೆಗಳಲ್ಲಿ ವೈದ್ಯರ ಬಳಿಗೆ ಒಯ್ಯಬೇಕು. ನಮ್ಮ ನಾಡಿನ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದೂ ನೆನಪಿರಲಿ.

ಓದುಗರೇ, ತಿಣುಕುವ ಕೋಳಿಗೆ ಬೇಕಾದುದು ನಿಮ್ಮ ಕೈಬಲವಲ್ಲ; ಬಿಸುಪು, ಕತ್ತಲೆ, ಸ್ವಲ್ಪ ತಾಳ್ಮೆ. ಅದು ತಿಣುಕದಂತೆ ನೋಡಿಕೊಳ್ಳಲು ಬೇಕಾದುದು ಒಂದು ತಟ್ಟೆ ಚಿಪ್ಪಿನ ನುಚ್ಚು. ಇಂದು ಸಂಜೆ ಕೋಳಿಗಳು ಗೂಡು ಸೇರುವ ಮುನ್ನವೇ ಆ ತಟ್ಟೆಯನ್ನು ಇಟ್ಟು ನೋಡಿರಿ.