ಕಾಡುಕರಡಿ ಸುಮ್ಮನೆ ಕೂತಿದೆ ಎಂದರೆ ಅದು ಸ್ನೇಹವೇ?

‘ಪ್ರೀತಿ ಕೊಟ್ಟರೆ ಕ್ರೂರಮೃಗವೂ ಏನೂ ಮಾಡುವುದಿಲ್ಲ’ ಎಂಬ ಸಾಲಿನೊಂದಿಗೆ ಕಾಡುಪ್ರಾಣಿಯ ಪಕ್ಕ ಮನುಷ್ಯ ಕೂತಿರುವ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅಂಥದ್ದು ಬಂದಾಗಲೆಲ್ಲ ನಮಗೆ ನೆನಪಾಗುವುದು ಅಮೆರಿಕದ ಟಿಮೊತಿ ಟ್ರೆಡ್‌ವೆಲ್.

ಈತ ಅಲಾಸ್ಕದ ಕಟ್ಮೈ ರಾಷ್ಟ್ರೀಯ ಉದ್ಯಾನದಲ್ಲಿ 13 ಬೇಸಿಗೆಗಳನ್ನು ಕಂದು ಕರಡಿಗಳ ನಡುವೆ ಕಳೆದ. ನಮ್ಮ ದರೋಜಿಯ ಕರಡಿಗಳಿಗಿಂತ ಬಹಳ ದೊಡ್ಡ ಪ್ರಾಣಿಗಳವು. ಆತ ಅವಕ್ಕೆ ಹೆಸರಿಟ್ಟ, ಮುಟ್ಟಿದ, ವಿಡಿಯೋ ಮಾಡಿದ. ಅವು ಸುಮ್ಮನಿದ್ದವು. ಆತ ಅದನ್ನು ಸ್ನೇಹ ಎಂದುಕೊಂಡ. ಆದರೆ ಅದು ಬರೀ ರೂಢಿ. ಮನುಷ್ಯನಿಂದ ತೊಂದರೆಯಿಲ್ಲ ಎಂದು ಗೊತ್ತಾದ ಮೇಲೆ ಪ್ರಾಣಿಗೆ ಅವನ ಭಯ ಹೋಗುತ್ತದೆ, ಅಷ್ಟೇ. ಪ್ರೀತಿ ಹುಟ್ಟಿತು ಎಂದಲ್ಲ.

2003ರಲ್ಲಿ ಆತ ಅಕ್ಟೋಬರ್‌ವರೆಗೂ ಅಲ್ಲೇ ಉಳಿದ. ಚಳಿಗಾಲದ ದೀರ್ಘನಿದ್ದೆಗೆ ಮುಂಚೆ ಕೊಬ್ಬು ಕೂಡಿಸಿಕೊಳ್ಳಲು ಕರಡಿಗಳು ಬಿಡುವಿಲ್ಲದೆ ಆಹಾರ ಹುಡುಕುವ ಸಮಯವದು. ಕರಡಿ ದಾಳಿಯಲ್ಲಿ ಆತನೂ ಜೊತೆಗಿದ್ದ ಗೆಳತಿಯೂ ಸತ್ತರು. ಸ್ಥಳಕ್ಕೆ ಹೋದ ಸಿಬ್ಬಂದಿ ಎರಡು ಕರಡಿಗಳನ್ನು ಗುಂಡಿಕ್ಕಿ ಕೊಂದರು.

ಕರಡಿಗಳನ್ನು ಕಾಪಾಡುತ್ತೇನೆಂದೇ ಆತ ಪ್ರತಿವರ್ಷ ಅಲ್ಲಿಗೆ ಹೋಗುತ್ತಿದ್ದದ್ದು. ಫಾರ್ವರ್ಡ್ ಆಗುವ ವಿಡಿಯೋಗಳಲ್ಲಿ ಇಂಥ ಭಾಗ ಇರುವುದಿಲ್ಲ.