ಕ್ರಾಫ್ಟ್ ಬಿಯರ್: ಪ್ರಯಾಣಿಸುವ ವರ್ತಕರು ತಿಳಿದಿರಬೇಕಾದ ಕೆಲವು ಸಂಗತಿಗಳು

ವ್ಯಾಪಾರದ ನಿಮಿತ್ತ ಬೆಂಗಳೂರು, ಪುಣೆ, ಗೋವಾಗಳಿಗೆ ಹೋಗಿಬರುವ ಕುಮಟಾ, ಹೊನ್ನಾವರ, ಭಟ್ಕಳ ಭಾಗದ ನಮ್ಮ ಸದಸ್ಯರಲ್ಲಿ ಕೆಲವರು ಇತ್ತೀಚಿನ ವರ್ಷಗಳಲ್ಲಿ ಕ್ರಾಫ್ಟ್ ಬಿಯರಿನ ಬಗ್ಗೆ ಆಸಕ್ತಿ ತೋರುತ್ತಿದ್ದಾರೆ. ಅವರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಅದರ ರುಚಿಯನ್ನು ಗುರುತಿಸುವುದು ಹೇಗೆ? ಅದು ನಮ್ಮ ಊರಿನ ಅಂಗಡಿಗಳಿಗೆ ಏಕೆ ಬರುವುದಿಲ್ಲ? ಪ್ರಯಾಣದಿಂದ ಹಿಂದಿರುಗುವಾಗ ಎರಡು ಬಾಟಲಿ ತರಬಹುದೇ? ಮೇಲ್ನೋಟಕ್ಕೆ ಬೇರೆಬೇರೆಯಾಗಿ ಕಾಣುವ ಈ ಮೂರು ಪ್ರಶ್ನೆಗಳಿಗೂ ಉತ್ತರ ಎರಡೇ ವಿಷಯಗಳಲ್ಲಿ ಅಡಗಿದೆ: ಒಂದು ಸರಕಿನ ತಾಜಾತನ, ಇನ್ನೊಂದು ಅಬಕಾರಿ ಕಾನೂನು. ಮದ್ಯಪಾನವನ್ನು ಪ್ರೋತ್ಸಾಹಿಸುವುದು ಈ ಲೇಖನದ ಉದ್ದೇಶವಲ್ಲ. ಸೇವಿಸುವವರು ತಿಳಿದು ಸೇವಿಸಲಿ, ಸೇವಿಸದವರು ಒಂದು ಹೊಸ ಉದ್ಯಮದ ಸ್ವರೂಪವನ್ನು ಅರಿಯಲಿ ಎಂಬುದಷ್ಟೇ ಆಶಯ.

ಕ್ರಾಫ್ಟ್ ಬಿಯರ್ ಎಂದರೇನು?

ಯಾವುದೇ ಬಿಯರಿಗೆ ಮೂಲ ಸಾಮಗ್ರಿಗಳು ನಾಲ್ಕು: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಂದರೆ ಮಾಲ್ಟ್, ಕಹಿ ಹಾಗೂ ಪರಿಮಳ ಕೊಡುವ ಹಾಪ್ಸ್ ಎಂಬ ಹೂವು, ಮತ್ತು ಹುದುಗು ಬರಿಸುವ ಯೀಸ್ಟ್. ದೊಡ್ಡ ಕಾರ್ಖಾನೆಗಳು ಇವುಗಳ ಜೊತೆಗೆ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆಯನ್ನೂ ಬಳಸುವುದುಂಟು. ಅವು ಬಿಯರನ್ನು ಸೋಸಿ, ಪಾಶ್ಚರೀಕರಿಸಿ, ತಿಂಗಳುಗಟ್ಟಲೆ ಕೆಡದಂತೆ ಬಾಟಲಿಗೆ ತುಂಬುತ್ತವೆ. ಎಲ್ಲ ಊರುಗಳಲ್ಲಿಯೂ ಒಂದೇ ರುಚಿ ಇರಬೇಕೆಂಬುದು ಅವುಗಳ ಗುರಿ. ಇದಕ್ಕೆ ಪ್ರತಿಯಾಗಿ, ಸಣ್ಣ ಪ್ರಮಾಣದಲ್ಲಿ, ವಿಶಿಷ್ಟ ರುಚಿಗಾಗಿ ತಯಾರಿಸುವ ಬಿಯರನ್ನು ಕ್ರಾಫ್ಟ್ ಬಿಯರ್ ಎನ್ನುವುದು ರೂಢಿ. ತಯಾರಿಸಿದ ಜಾಗದಲ್ಲಿಯೇ ಬಡಿಸುವ ಮೈಕ್ರೋಬ್ರೂವರಿಗಳ ಬಿಯರು ಸಾಮಾನ್ಯವಾಗಿ ಪಾಶ್ಚರೀಕರಿಸಿದ್ದಾಗಿರುವುದಿಲ್ಲ. ಆದ್ದರಿಂದ ಅದು ತಂಪಿನಲ್ಲಿಯೇ ಇರಬೇಕು ಮತ್ತು ಬೇಗ ಖರ್ಚಾಗಬೇಕು. ನಮ್ಮ ಓದುಗರಿಗೆ ಹೇಳುವುದಾದರೆ, ಬಾಟಲಿ ಬಿಯರು ಒಣಮೀನು, ತೊಟ್ಟಿಯ ಬಿಯರು ಹಸಿಮೀನು.

ಬೆಂಗಳೂರಿನ ಹಿನ್ನೆಲೆ

ಕರ್ನಾಟಕಕ್ಕೆ ಬಿಯರ್ ಉದ್ಯಮ ಹೊಸದಲ್ಲ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನ ಉದ್ಯಮಿಯು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದನು. ಬಂಟ್ವಾಳ ಮೂಲದ ಕುಟುಂಬದ ವಿಠಲ ಮಲ್ಯ ಅವರು 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಆದರೆ ಅದು ದೊಡ್ಡ ಕಾರ್ಖಾನೆಯ ಮಾರ್ಗ.

ಸಣ್ಣ ತಯಾರಿಕೆಯ ಮಾರ್ಗ ತೆರೆದುಕೊಂಡದ್ದು ಬಹಳ ತಡವಾಗಿ. ಪುಣೆಯಲ್ಲಿ ಡೂಲಾಲಿ ಎಂಬ ಮೈಕ್ರೋಬ್ರೂವರಿ 2009ರಲ್ಲಿ ಆರಂಭವಾಯಿತು. ಕರ್ನಾಟಕ ಸರ್ಕಾರವು 1967ರ ಬ್ರೂವರಿ ನಿಯಮಗಳಿಗೆ 2010ರಲ್ಲಿ ತಿದ್ದುಪಡಿ ತಂದು ಮೈಕ್ರೋಬ್ರೂವರಿಗಳಿಗೆ ಅವಕಾಶ ಮಾಡಿಕೊಟ್ಟಿತು. ಅದರ ಹಿಂದೆಯೇ ಲ್ಯಾವೆಲ್ಲೆ ರಸ್ತೆಯ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್, ಮ್ಯಾಗ್ರತ್ ರಸ್ತೆಯ ಆರ್ಬರ್ ಬ್ರೂಯಿಂಗ್ ಕಂಪನಿ, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಮುಂತಾದವು ಬಂದವು. ಇಂದು ನಗರದಲ್ಲಿ ಇಂತಹ ಹತ್ತಾರು ಸ್ಥಳಗಳಿವೆ. ಒಂದು ನಿಯಮದ ತಿದ್ದುಪಡಿಯು ಒಂದು ಉದ್ಯಮವನ್ನೇ ಹುಟ್ಟಿಸಬಲ್ಲದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

ನಮ್ಮ ಊರಿಗೆ ಏಕೆ ಬರುವುದಿಲ್ಲ?

ಈ ಪರವಾನಗಿಯನ್ನು ಕ್ಲಬ್, ಹೋಟೆಲ್, ಬಾರುಗಳಂತಹ ಮದ್ಯ ಬಡಿಸುವ ಸನ್ನದು ಹೊಂದಿದವರಿಗಾಗಿ ರೂಪಿಸಲಾಯಿತು. ತಯಾರಿಸಿದ್ದನ್ನು ಅಲ್ಲಿಯೇ ಗಿರಾಕಿಗೆ ಬಡಿಸುವುದು ಅದರ ಮೂಲ ಕಲ್ಪನೆ. ಸಗಟು ವ್ಯಾಪಾರಿಗೆ ಕಳುಹಿಸಿ ಜಿಲ್ಲೆ ಜಿಲ್ಲೆಗೆ ಹಂಚುವ ಉದ್ದೇಶ ಅದಕ್ಕಿರಲಿಲ್ಲ. 2020ರ ಮೇ ತಿಂಗಳಿನ ಲಾಕ್‌ಡೌನ್ ಸಮಯದಲ್ಲಿ ಈ ವ್ಯವಸ್ಥೆಯ ಬಿಗಿತ ಎಲ್ಲರಿಗೂ ಗೋಚರವಾಯಿತು. ಬಡಿಸುವ ಸ್ಥಳಗಳು ಮುಚ್ಚಿದ್ದವು, ತೊಟ್ಟಿಗಳು ತುಂಬಿದ್ದವು, ಬಿಯರು ಕೆಡುವ ಹಂತದಲ್ಲಿತ್ತು. ಆಗ ಸರ್ಕಾರವು ಗಾಜು, ಪಿಂಗಾಣಿ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಒಬ್ಬರಿಗೆ 2 ಲೀಟರಿನವರೆಗೆ ಕೊಂಡೊಯ್ಯಲು ತಾತ್ಕಾಲಿಕ ಅನುಮತಿ ನೀಡಬೇಕಾಯಿತು.

ಕಾನೂನು ಒಂದು ಪಕ್ಷ ಸಡಿಲವಾದರೂ, ಪಾಶ್ಚರೀಕರಿಸದ ಬಿಯರನ್ನು ಘಟ್ಟ ಇಳಿಸಿ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಕರಾವಳಿಯ ಅಂಗಡಿಯ ಕಪಾಟಿನಲ್ಲಿಡಲು ಸಾಧ್ಯವಿಲ್ಲ. ಆದ್ದರಿಂದ ಇಲ್ಲಿ ಸರಕು ಗಿರಾಕಿಯ ಬಳಿಗೆ ಬರುವುದಿಲ್ಲ, ಗಿರಾಕಿಯೇ ಸರಕಿನ ಬಳಿಗೆ ಹೋಗಬೇಕು.

ತೊಟ್ಟಿಯ ಲೆಕ್ಕ

ಬಿಯರಿನಲ್ಲಿ ಏಲ್ ಮತ್ತು ಲಾಗರ್ ಎಂಬ ಎರಡು ಪ್ರಮುಖ ಕುಲಗಳಿವೆ. ಏಲ್ ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಬೇಗ ಹುದುಗುತ್ತದೆ. ಲಾಗರ್ ಸುಮಾರು 7ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿ, ಮತ್ತೆ ಕೆಲವು ವಾರ ಶೀತದಲ್ಲಿ ಹದಗೊಳ್ಳಬೇಕು. ಇದರ ಆರ್ಥಿಕ ಪರಿಣಾಮವನ್ನು ಗಮನಿಸಿ. ಉದಾಹರಣೆಗೆ, 1,000 ಲೀಟರಿನ ಒಂದು ತೊಟ್ಟಿಯಲ್ಲಿ ಎರಡು ವಾರಕ್ಕೊಂದು ಏಲ್ ಸಿದ್ಧವಾಗುವುದೆಂದು ಭಾವಿಸಿದರೆ ವರ್ಷಕ್ಕೆ 26 ಸರದಿ, ಅಂದರೆ 26,000 ಲೀಟರ್. ಐದು ವಾರ ಬೇಡುವ ಲಾಗರ್ ಆದರೆ 10 ಸರದಿ, 10,000 ಲೀಟರ್. ಬಾಡಿಗೆ, ಪರವಾನಗಿ ಶುಲ್ಕ, ಸಾಲದ ಬಡ್ಡಿ ಮಾತ್ರ ಎರಡಕ್ಕೂ ಒಂದೇ. ಮೈಕ್ರೋಬ್ರೂವರಿಗಳ ಪಟ್ಟಿಯಲ್ಲಿ ಏಲ್ ಜಾತಿಯ ಬಿಯರುಗಳೇ ಹೆಚ್ಚಾಗಿರುವುದರ ಹಿಂದೆ ರುಚಿಯಷ್ಟೇ ಈ ಲೆಕ್ಕವೂ ಇದೆ. ಒಳ್ಳೆಯ ಲಾಗರ್ ಇಟ್ಟಿರುವ ಸಣ್ಣ ತಯಾರಕನು ತನ್ನ ತೊಟ್ಟಿಯ ದಿನಗಳನ್ನು ತ್ಯಾಗ ಮಾಡಿದ್ದಾನೆಂದು ತಿಳಿಯಬೇಕು.

ರುಚಿ ನೋಡುವ ಕ್ರಮ

ಕುಮಟಾ ಮಾರುಕಟ್ಟೆಯಲ್ಲಿ ಹೊಸ ಚಾಲಿ, ಹಳೆ ಚಾಲಿ ಅಡಿಕೆಯನ್ನು ಕತ್ತರಿಸಿ, ಕಣ್ಣಿನಿಂದ ನೋಡಿ ದರ್ಜೆ ನಿರ್ಧರಿಸಬಲ್ಲ ವರ್ತಕರಿಗೆ ಬಿಯರಿನ ಪರೀಕ್ಷೆ ಕಷ್ಟವಲ್ಲ. ಹೆಚ್ಚಿನ ಮೈಕ್ರೋಬ್ರೂವರಿಗಳು ನಾಲ್ಕಾರು ಬಗೆಯನ್ನು ಪುಟ್ಟ ಲೋಟಗಳಲ್ಲಿ ಮಾದರಿಯಾಗಿ ಕೊಡುತ್ತವೆ. ಮೊದಲು ಅದನ್ನು ಕೇಳಿರಿ. ತಿಳಿಬಣ್ಣದಿಂದ ಆರಂಭಿಸಿ ಗಾಢಬಣ್ಣಕ್ಕೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ ಸಾಗಿರಿ. ಕ್ರಮ ತಪ್ಪಿದರೆ ಮೃದುವಾದದ್ದು ನೀರಿನಂತೆ ತೋರುತ್ತದೆ.

ಗೋಧಿ ಬಿಯರಿನಲ್ಲಿ ಬಾಳೆಹಣ್ಣು ಮತ್ತು ಲವಂಗದ ವಾಸನೆ ಬರುವುದು ಸಹಜ. ಅದು ಯೀಸ್ಟಿನ ಗುಣವೇ ಹೊರತು ಹೊರಗಿನಿಂದ ಬೆರೆಸಿದ್ದಲ್ಲ. ಅದರ ಮಬ್ಬೂ ದೋಷವಲ್ಲ. ಸ್ಟೌಟ್ ಎಂಬ ಕಪ್ಪು ಬಿಯರಿನಲ್ಲಿ ಹುರಿದ ಬಾರ್ಲಿಯಿಂದಾಗಿ ಕಾಫಿಯ ಛಾಯೆ ಇರುತ್ತದೆ. ಇಂಡಿಯಾ ಪೇಲ್ ಏಲ್ ಎಂಬುದರಲ್ಲಿ ಹಾಪ್ಸಿನ ಕಹಿಯೂ ಪರಿಮಳವೂ ಪ್ರಧಾನ. ಸ್ಥಳೀಯ ಧಾನ್ಯಗಳ ಪ್ರಯೋಗಗಳೂ ನಡೆದಿವೆ. ಟಾಯ್ಟ್‌ನವರ ಬಾಸ್ಮತಿ ಅಕ್ಕಿಯ ಬಿಯರು ಅಂತಹದೊಂದು.

ದೋಷಗಳನ್ನು ಗುರುತಿಸುವುದು ಇನ್ನೂ ಮುಖ್ಯ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳತಾಗಿದೆ ಎಂದರ್ಥ. ಬೆಣ್ಣೆಯ ವಾಸನೆ ಹೆಚ್ಚಾಗಿದ್ದರೆ ಹುದುಗುವಿಕೆ ಪೂರ್ಣವಾಗುವ ಮುನ್ನವೇ ತೊಟ್ಟಿಯಿಂದ ಇಳಿಸಿರುವ ಸಾಧ್ಯತೆ ಇದೆ. ಹುಳಿ ಬಿಯರೆಂದು ಹೇಳದೆ ಕೊಟ್ಟದ್ದರಲ್ಲಿ ವಿನೆಗರಿನ ಹುಳಿ ಇದ್ದರೆ ಪೈಪು ಅಥವಾ ತೊಟ್ಟಿಯ ಶುಚಿತ್ವ ಸರಿಯಿಲ್ಲ. ಇಂತಹವನ್ನು ವಿನಯದಿಂದ ಹಿಂದಿರುಗಿಸುವುದರಲ್ಲಿ ತಪ್ಪಿಲ್ಲ. ಯಾವುದನ್ನು ಇತ್ತೀಚೆಗೆ ತೊಟ್ಟಿಯಿಂದ ತೆರೆದಿದ್ದಾರೆ ಎಂದು ಬಡಿಸುವವರನ್ನು ಕೇಳುವುದು ಉಪಯುಕ್ತ.

ಮನೆಯಲ್ಲಿ

ಮನೆಗೆ ದೊರೆಯುವುದು ಬಾಟಲಿ ಅಥವಾ ಕ್ಯಾನಿನ ಬಿಯರು. ಕೊಳ್ಳುವಾಗ ತಯಾರಿಕೆಯ ದಿನಾಂಕವನ್ನು ಮೊದಲು ನೋಡಿರಿ. ಹಾಪ್ಸಿನ ಪರಿಮಳ ತಿಂಗಳು ಕಳೆದಂತೆ ಇಳಿಯುತ್ತದೆ. ಬೆಳಕು ತಾಗಿದರೆ ಬಿಯರಿಗೆ ಅಹಿತಕರ ವಾಸನೆ ಬರುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಿಳಿ ಬಾಟಲಿಗಳು ತಡೆಯುವುದಿಲ್ಲ, ಕ್ಯಾನಿಗೆ ಆ ಭಯವೇ ಇಲ್ಲ. ಲೇಬಲಿನಲ್ಲಿ ಮದ್ಯಸಾರದ ಪ್ರಮಾಣವನ್ನೂ ಓದಿರಿ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲಿ ಶೇಕಡಾ 5ರವರೆಗಿನದು ಸಾಮಾನ್ಯ ಬಿಯರು, 5ರಿಂದ 8ರವರೆಗಿನದು ಸ್ಟ್ರಾಂಗ್ ಬಿಯರು. ಸ್ಟ್ರಾಂಗ್ ಎಂಬುದು ಅಮಲಿನ ಸೂಚಕ, ಗುಣಮಟ್ಟದ ಸೂಚಕವಲ್ಲ.

ಮಂಜುಗಡ್ಡೆಯಷ್ಟು ತಣ್ಣಗಾದರೆ ನಾಲಗೆ ಮರಗಟ್ಟಿ ರುಚಿ ತಿಳಿಯುವುದಿಲ್ಲ. ಏಲ್ ಜಾತಿಯದನ್ನು ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು, ಬಾಟಲಿಯಿಂದ ನೇರವಾಗಿ ಅಲ್ಲದೆ ಗಾಜಿನ ಲೋಟಕ್ಕೆ ಸುರಿದು ಸವಿಯುವುದು ಉಚಿತ. ಹುರಿದ ಬಂಗುಡೆಗೆ ಗೋಧಿ ಬಿಯರು ಚೆನ್ನಾಗಿ ಹೊಂದುತ್ತದೆ. ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸ ಅಮೆರಿಕಾ, ಇಂಗ್ಲೆಂಡುಗಳಲ್ಲಿ ಪ್ರಚಲಿತವಾಗಿದ್ದರೂ, ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಅಪರಾಧ.

ಗೋವಾ ಗಡಿ ದಾಟುವ ಮುನ್ನ

ಕುಮಟಾದಿಂದ ಗೋವಾ ಗಡಿಗೆ ಸುಮಾರು ಎರಡು ತಾಸಿನ ದಾರಿ. ಅಲ್ಲಿಯೂ ಗೋವಾ ಬ್ರೂಯಿಂಗ್ ಕಂಪನಿಯ ಏಯ್ಟ್ ಫಿಂಗರ್ ಎಡ್ಡಿಯಂತಹ ಕ್ರಾಫ್ಟ್ ಬಿಯರುಗಳು ಹೆಸರು ಮಾಡಿವೆ. ಬೆಲೆ ಕಡಿಮೆ ಎಂಬ ಕಾರಣಕ್ಕೆ ಡಿಕ್ಕಿಯಲ್ಲಿ ಕೆಲವು ಬಾಟಲಿ ಇಟ್ಟುಕೊಂಡು ಬರುವ ಆಸೆ ಸಹಜ. ಆದರೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಮುದ್ರಿತವಾದ ಮದ್ಯಕ್ಕೆ ಕರ್ನಾಟಕದ ಸುಂಕ ಪಾವತಿಯಾಗಿರುವುದಿಲ್ಲ. ಪರವಾನಗಿ ಇಲ್ಲದೆ ಅದನ್ನು ಗಡಿ ದಾಟಿಸುವುದು ಅಪರಾಧವಾಗಿದ್ದು, ಕಾರವಾರದ ಬಳಿಯ ಮಾಜಾಳಿ ತನಿಖಾ ಠಾಣೆಯಲ್ಲಿ ತಪಾಸಣೆ ನಡೆಯುತ್ತದೆ. ಮದ್ಯದ ಜೊತೆಗೆ ಅದನ್ನು ಸಾಗಿಸಿದ ವಾಹನವನ್ನೂ ಜಪ್ತಿ ಮಾಡುವ ಅಧಿಕಾರ ಕಾನೂನಿನಲ್ಲಿದೆ. ಚಾಲಕನು ಸರಕಿನ ಲಾರಿಯಲ್ಲಿ ನಾಲ್ಕು ಬಾಟಲಿ ಇಟ್ಟುಕೊಂಡರೂ ಮಾಲೀಕನ ವಾಹನ ಮತ್ತು ಗಿರಾಕಿಯ ಸರಕು ಎರಡೂ ದಾರಿಯಲ್ಲಿ ನಿಲ್ಲುತ್ತವೆ. ಸಾರಿಗೆ ವಾಹನವುಳ್ಳ ಸದಸ್ಯರು ಚಾಲಕರಿಗೆ ಇದನ್ನು ಸ್ಪಷ್ಟವಾಗಿ ತಿಳಿಸಬೇಕು.

ರುಚಿ ನೋಡಿದ ದಿನ ವಾಹನ ಚಲಾಯಿಸಬಾರದು. ಮೋಟಾರು ವಾಹನ ಕಾಯ್ದೆಯಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರವೇ ಮಿತಿ. ಬೆಂಗಳೂರಿಗೆ ಹೋಗುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ರೈಲಿನ ಅನುಕೂಲವಿದೆ.

ಲೆಕ್ಕಪತ್ರದ ದೃಷ್ಟಿಯಿಂದ

ಮಾನವ ಸೇವನೆಯ ಮದ್ಯವು ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ. ಹೋಟೆಲಿನ ಬಿಲ್ಲಿನಲ್ಲಿ ಆಹಾರ ಮತ್ತು ಮದ್ಯ ಬೇರೆಬೇರೆ ಇವೆಯೇ, ಬಿಯರಿನ ಮೊತ್ತದ ಮೇಲೆ ಜಿಎಸ್‌ಟಿ ಹಾಕಿಲ್ಲವೇ ಎಂದು ನೋಡಿಕೊಳ್ಳಬೇಕು. ಸ್ವಂತ ಸಂತೋಷಕ್ಕಾಗಿ ಮಾಡಿದ ಈ ಖರ್ಚನ್ನು ವ್ಯಾಪಾರದ ಪ್ರಯಾಣ ವೆಚ್ಚಕ್ಕೆ ಸೇರಿಸಬಾರದು.

ತಯಾರಕರ ಪಾಲಿಗೆ ಜಿಎಸ್‌ಟಿ ಹೊರಗಿರುವುದು ಲಾಭವಲ್ಲ. ಯಂತ್ರ, ಬಾಟಲಿ, ಪ್ಯಾಕಿಂಗ್ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಬಿಯರಿನ ಮಾರಾಟದಿಂದ ಹಿಂಪಡೆಯಲು ಆಗದು, ಅದು ವೆಚ್ಚಕ್ಕೇ ಸೇರುತ್ತದೆ. ಅದರ ಮೇಲೆ ರಾಜ್ಯದ ಸುಂಕ. 2025ರ ಜನವರಿಯಲ್ಲಿ ಕರ್ನಾಟಕವು ಬಿಯರಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡಾ 185ರಿಂದ 195ಕ್ಕೆ ಏರಿಸಿತು. ಇಂತಹ ದರಗಳು ಆಗಾಗ್ಗೆ ಬದಲಾಗುತ್ತವೆ. ಜೊತೆಗೆ ಪ್ರತಿ ರಾಜ್ಯದಲ್ಲಿಯೂ ಲೇಬಲಿನ ಪ್ರತ್ಯೇಕ ನೋಂದಣಿ ಆಗಬೇಕು. ಬೀರಾ 91 ಬಿಯರಿನ ಒಡೆತನದ ಬಿ9 ಬೆವರೇಜಸ್ ಕಂಪನಿಯು ತನ್ನ ಹೆಸರಿನಿಂದ ಪ್ರೈವೇಟ್ ಎಂಬ ಒಂದು ಪದವನ್ನು ಕೈಬಿಟ್ಟಿತು. ಅದರಿಂದ ರಾಜ್ಯ ರಾಜ್ಯಗಳಲ್ಲಿ ಲೇಬಲುಗಳನ್ನು ಹೊಸದಾಗಿ ನೋಂದಾಯಿಸಬೇಕಾಗಿ ಬಂದು, ಮಾರಾಟ ತಿಂಗಳುಗಟ್ಟಲೆ ಸ್ಥಗಿತವಾಯಿತು. ಸುಮಾರು 80 ಕೋಟಿ ರೂಪಾಯಿ ಮೌಲ್ಯದ ದಾಸ್ತಾನನ್ನು ನಷ್ಟವೆಂದು ಬರೆದುಹಾಕಬೇಕಾಯಿತು. ಗಿರಾಕಿಗಳಿದ್ದರು, ಸರಕೂ ಇತ್ತು, ಲೇಬಲು ಮಾತ್ರ ಹಳೆಯ ಹೆಸರಿನಲ್ಲಿತ್ತು.

ಲೇಬಲಿನ ಮೇಲೆ ಹೆಸರು ಅಚ್ಚಾಗುವ ಗೋಡಂಬಿ, ಉಪ್ಪಿನಕಾಯಿ, ಮೀನಿನ ಉತ್ಪನ್ನಗಳ ತಯಾರಕರಿಗೂ ಈ ಪಾಠ ಅನ್ವಯಿಸುತ್ತದೆ. ಸಂಸ್ಥೆಯ ಹೆಸರು ಅಥವಾ ಸ್ವರೂಪವನ್ನು ಬದಲಿಸುವ ಮುನ್ನ, ಹಳೆಯ ಹೆಸರಿನಲ್ಲಿರುವ ಪರವಾನಗಿಗಳು, ಲೇಬಲುಗಳು ಮತ್ತು ದಾಸ್ತಾನಿನ ಪಟ್ಟಿ ಮಾಡಿ, ಯಾವುದು ಎಂದು ಬದಲಾಗಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಮೈಕ್ರೋಬ್ರೂವರಿ ತೆರೆಯುವ ಆಲೋಚನೆಯುಳ್ಳ ಸದಸ್ಯರು ಕಟ್ಟಡಕ್ಕೆ ಮುಂಗಡ ಕೊಡುವ ಮೊದಲೇ ಕಾರವಾರದ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಅಂದಿನ ನಿಯಮ ಮತ್ತು ಶುಲ್ಕಗಳನ್ನು ಲಿಖಿತವಾಗಿ ಪಡೆದುಕೊಳ್ಳುವುದು ಕ್ಷೇಮ.