ಹಳೆಯ ಸರ್ವರ್‌ಗೆ ಮುಕ್ತ ತಂತ್ರಾಂಶ: ಉಳಿತಾಯವೆಷ್ಟು, ಹೊಣೆಯೆಷ್ಟು?

ಹತ್ತು ಹನ್ನೆರಡು ವರ್ಷಗಳ ಹಿಂದೆ ಲಕ್ಷಗಟ್ಟಲೆ ಹಣ ತೆತ್ತು ಕೊಂಡ ಸರ್ವರ್ ಗಣಕಗಳು ಅನೇಕ ಉದ್ದಿಮೆಗಳ ಕಚೇರಿಗಳಲ್ಲಿ ಇಂದಿಗೂ ಇವೆ. ಲೆಕ್ಕಪತ್ರಗಳಲ್ಲಿ ಅವುಗಳ ಮೌಲ್ಯ ಬಹುಮಟ್ಟಿಗೆ ಕರಗಿಹೋಗಿದೆ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯು ಸರ್ವರ್‌ನ ಉಪಯುಕ್ತ ಆಯುಷ್ಯವನ್ನು 6 ವರ್ಷವೆಂದು ಗಣಿಸುತ್ತದೆ. ಆದಾಯ ತೆರಿಗೆಯ ಶೇ. 40ರ ಸವಕಳಿ ದರದಲ್ಲಿ 3 ಲಕ್ಷ ರೂಪಾಯಿಯ ಯಂತ್ರದ ಮೌಲ್ಯ 5 ವರ್ಷಗಳ ಕೊನೆಗೆ 23,328 ರೂಪಾಯಿಗೆ ಇಳಿಯುತ್ತದೆ. ಆದರೆ ಯಂತ್ರದ ಕಸುವು ಈ ದರದಲ್ಲಿ ಕುಂದುವುದಿಲ್ಲ. ಆದುದರಿಂದ ಅದನ್ನು ವಿಲೇವಾರಿ ಮಾಡುವ ಮುನ್ನ ಲಿನಕ್ಸ್‌ನಂತಹ ಮುಕ್ತ ಕಾರ್ಯಾಚರಣ ವ್ಯವಸ್ಥೆಯೊಡನೆ ಮುಂದುವರಿಸಬಹುದೇ ಎಂಬುದನ್ನು ಪರಾಮರ್ಶಿಸುವುದು ಯುಕ್ತ.

ಪರವಾನಗಿಯ ಲೆಕ್ಕ

ಉದಾಹರಣೆಗೆ, ಇಂಟೆಲ್ ಸಂಸ್ಥೆಯು 2013ರಲ್ಲಿ ಹೊರತಂದ ಕ್ಸಿಯಾನ್ ಇ5-2650 ವಿ2 ಪ್ರೊಸೆಸರ್‌ನಲ್ಲಿ 8 ಕೋರ್‌ಗಳಿವೆ. ಇಂತಹ ಎರಡು ಪ್ರೊಸೆಸರ್‌ಗಳಿರುವ ಸರ್ವರ್‌ನಲ್ಲಿ 16 ಕೋರ್‌ಗಳಾದವು. ಸಣ್ಣ ಕಚೇರಿಯೊಂದರ ಕಡತ ಸಂಗ್ರಹಕ್ಕೆ ಇಷ್ಟು ಶಕ್ತಿ ಇಂದಿಗೂ ಧಾರಾಳವಾಯಿತು. ತೊಂದರೆಯಿರುವುದು ಯಂತ್ರಾಂಶದಲ್ಲಲ್ಲ, ಅದರ ಮೇಲಿನ ತಂತ್ರಾಂಶದಲ್ಲಿ. ಅಂದಿನ ವಿಂಡೋಸ್ ಸರ್ವರ್ 2012 ಆರ್2 ಆವೃತ್ತಿಗೆ ಸಾಮಾನ್ಯ ಭದ್ರತಾ ತಿದ್ದುಪಡಿಗಳು 2023ರ ಅಕ್ಟೋಬರ್ 10ಕ್ಕೆ ನಿಂತುಹೋದವು. 2016ರ ಆವೃತ್ತಿಯಿಂದೀಚೆಗೆ ವಿಂಡೋಸ್ ಸರ್ವರ್‌ನ ಪರವಾನಗಿಯನ್ನು ಕೋರ್‌ಗಳ ಲೆಕ್ಕದಲ್ಲಿ ಕೊಳ್ಳಬೇಕು. ಬಳಕೆದಾರರ ಪರವಾನಗಿ ಬೇರೆ. ಹಳೆಯ ಯಂತ್ರಕ್ಕೆ ಹೊಸ ಪರವಾನಗಿ ಕೊಂಡರೆ ಕೆಲವೊಮ್ಮೆ ಕುದುರೆಗಿಂತ ಜೀನಿನ ಬೆಲೆಯೇ ಹೆಚ್ಚಾದೀತು.

ಲಿನಕ್ಸ್‌ನಲ್ಲಿ ಈ ಪ್ರಶ್ನೆ ಉದ್ಭವಿಸದು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯು 1996ರ 2.0 ಆವೃತ್ತಿಯಿಂದಲೇ ಬಹು ಪ್ರೊಸೆಸರ್‌ಗಳನ್ನು ಬಳಸಬಲ್ಲುದಾಗಿದೆ. ಡೆಬಿಯನ್‌ನಂತಹ ವಿತರಣೆಯನ್ನು ಎಷ್ಟು ಕೋರ್‌ಗಳ ಮೇಲೆ ನಡೆಸಿದರೂ ಶುಲ್ಕವಿಲ್ಲ.

ಯಂತ್ರಕ್ಕೆ ಒಗ್ಗುವ ಆವೃತ್ತಿ

ಎಲ್ಲ ಲಿನಕ್ಸ್ ವಿತರಣೆಗಳೂ ಎಲ್ಲ ಹಳೆಯ ಯಂತ್ರಗಳಿಗೆ ಒಗ್ಗುತ್ತವೆಂದು ಭಾವಿಸಬಾರದು. 2025ರ ಮೇ ತಿಂಗಳಿನಲ್ಲಿ ಬಿಡುಗಡೆಯಾದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಮೇಲೆ ಹೇಳಿದ ಕ್ಸಿಯಾನ್‌ನ ಮೇಲೆ ನಡೆಯದು; ಅದು ಬಯಸುವ ಸೂಚನಾ ಗುಚ್ಛ ಆ ಸಾಲಿನ ಪ್ರೊಸೆಸರ್‌ಗಳಿಗೆ 2014ರ ವಿ3 ಪೀಳಿಗೆಯಲ್ಲಿ ಬಂದಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಇದೇ ಯಂತ್ರದಲ್ಲಿ ನಡೆಯುತ್ತದೆ; ಅದಕ್ಕೆ ಮೂರು ವರ್ಷಗಳ ಪೂರ್ಣ ಬೆಂಬಲವೂ, ಆ ಬಳಿಕ ಎರಡು ವರ್ಷಗಳ ದೀರ್ಘಾವಧಿ ಬೆಂಬಲವೂ ಇವೆ. ಆದರೆ 32 ಬಿಟ್‌ನ ತೀರ ಹಳೆಯ ಯಂತ್ರಗಳಲ್ಲಿ ಇದನ್ನು ಹೊಸದಾಗಿ ಸ್ಥಾಪಿಸಲಾಗದು. ಕೆಲವು ಹಳೆಯ ರೈಡ್ ಕಾರ್ಡುಗಳಿಗೂ ಹೊಸ ಆವೃತ್ತಿಗಳಲ್ಲಿ ಬೆಂಬಲವಿರುವುದಿಲ್ಲ. ಆದಕಾರಣ ಮೊದಲು ಪೆನ್ ಡ್ರೈವ್‌ನಿಂದ ವ್ಯವಸ್ಥೆಯನ್ನು ನಡೆಸಿ, ಹಾರ್ಡ್ ಡಿಸ್ಕ್‌ಗಳೂ ನೆಟ್‌ವರ್ಕ್ ಕೂಡ ಕಾಣಿಸುತ್ತವೆಯೇ ಎಂದು ಪರೀಕ್ಷಿಸಿ, ದತ್ತಾಂಶದ ಪ್ರತಿ ತೆಗೆದಿರಿಸಿದ ಮೇಲೆಯೇ ಸ್ಥಾಪನೆಗೆ ತೊಡಗತಕ್ಕದ್ದು.

ಎರಡನೆಯ ಪ್ರೊಸೆಸರ್ ಬೇಕೇ?

ಪರವಾನಗಿಯಲ್ಲಿ ಉಳಿದ ಹಣ ವಿದ್ಯುತ್ ಬಿಲ್ಲಿನಲ್ಲಿ ಸೋರಿಹೋಗಬಾರದು. ಸರ್ವರ್ ಸರಾಸರಿ 200 ವ್ಯಾಟ್ ಬಳಸುತ್ತದೆಂದು ಇಟ್ಟುಕೊಳ್ಳೋಣ. ಹಗಲಿರುಳೂ ನಡೆದರೆ ವರ್ಷಕ್ಕೆ 1,752 ಯೂನಿಟ್. ಯೂನಿಟ್ಟಿಗೆ 9 ರೂಪಾಯಿಯಂತೆ 15,768 ರೂಪಾಯಿ. ಯುಪಿಎಸ್ ಮತ್ತು ಹವಾನಿಯಂತ್ರಣದ ವೆಚ್ಚ ಇದರಲ್ಲಿ ಸೇರಿಲ್ಲ. ವರ್ಷದ 300 ಕೆಲಸದ ದಿನಗಳಲ್ಲಿ ದಿನಕ್ಕೆ 12 ತಾಸು ಮಾತ್ರ ನಡೆಸಿದರೆ ಇದೇ ವೆಚ್ಚ 6,480 ರೂಪಾಯಿಗೆ ಇಳಿಯುತ್ತದೆ. ಸದಸ್ಯರು ತಮ್ಮ ಯಂತ್ರದ ಬಳಕೆಯನ್ನು ಮೀಟರಿನಿಂದ ಅಳೆದು, ತಮ್ಮ ದರವನ್ನು ಹಾಕಿ ಗುಣಿಸಿಕೊಳ್ಳಬೇಕು.

ಕೆಲಸದ ಹೊರೆ ಕಡಿಮೆಯಿದ್ದಲ್ಲಿ ಒಂದು ಪ್ರೊಸೆಸರ್ ತೆಗೆದು ವಿದ್ಯುತ್ ಉಳಿಸಬಹುದು. ಆದರೆ ಇಂತಹ ಸರ್ವರ್‌ಗಳಲ್ಲಿ ಮೆಮೊರಿಯು ಪ್ರೊಸೆಸರ್‌ಗಳ ನಡುವೆ ಹಂಚಿಕೆಯಾಗಿರುತ್ತದೆ. ತೆಗೆದ ಪ್ರೊಸೆಸರ್‌ಗೆ ಸೇರಿದ ಮೆಮೊರಿ ಸ್ಥಾನಗಳೂ ಕೆಲವು ಕಾರ್ಡು ಸ್ಥಾನಗಳೂ ನಿಷ್ಕ್ರಿಯವಾಗುವುದರಿಂದ ಮೆಮೊರಿಯನ್ನು ಮರುಜೋಡಿಸಬೇಕಾಗುತ್ತದೆ. ಎರಡನ್ನೂ ಉಳಿಸಿಕೊಳ್ಳುವುದಾದರೆ ಎರಡೂ ಕಡೆ ಮೆಮೊರಿಯನ್ನು ಸಮನಾಗಿ ಹಂಚುವುದು ಒಳಿತು. ಇಲ್ಲವಾದಲ್ಲಿ ಒಂದು ಪ್ರೊಸೆಸರ್ ಪ್ರತಿ ಬಾರಿಯೂ ನೆರೆಮನೆಯ ಬಾವಿಯಿಂದ ನೀರು ಸೇದಿದಂತಾಗಿ ವೇಗ ಕುಂಠಿತವಾಗುತ್ತದೆ.

ಯಾವ ಕೆಲಸಕ್ಕೆ ಯೋಗ್ಯ?

ಸಾಂಬಾ ಎಂಬ ಮುಕ್ತ ತಂತ್ರಾಂಶವನ್ನು ಅಳವಡಿಸಿದರೆ ವಿಂಡೋಸ್ ಗಣಕಗಳಿಗೆ ಲಿನಕ್ಸ್ ಸರ್ವರ್ ಸಾಮಾನ್ಯ ಹಂಚಿಕೆಯ ಫೋಲ್ಡರಿನಂತೆಯೇ ಕಾಣುತ್ತದೆ. ನಕ್ಷೆಗಳು, ಇನ್‌ವಾಯ್ಸ್ ಪ್ರತಿಗಳು, ಪತ್ರವ್ಯವಹಾರ ಹಾಗೂ ದೈನಂದಿನ ಬ್ಯಾಕಪ್ ಇರಿಸಲು ಇದು ಅತ್ಯುತ್ತಮ. ಆದರೆ ನಮ್ಮಲ್ಲಿ ಬಹುವಾಗಿ ಬಳಕೆಯಲ್ಲಿರುವ, ಬೆಂಗಳೂರಿನದೇ ಆದ ಟ್ಯಾಲಿ ವಿಂಡೋಸ್‌ಗಾಗಿ ರಚಿತವಾದ ತಂತ್ರಾಂಶ. ನಡೆಯುತ್ತಿರುವ ಲೆಕ್ಕಗಳನ್ನು ಲಿನಕ್ಸ್ ಸರ್ವರ್‌ಗೆ ವರ್ಗಾಯಿಸುವ ಮುನ್ನ ತಂತ್ರಾಂಶ ಪೂರೈಕೆದಾರರಿಂದ ಲಿಖಿತ ಅಭಿಪ್ರಾಯ ಪಡೆಯುವುದು ಕ್ಷೇಮ. ಅಲ್ಲಿಯವರೆಗೆ ಅಲ್ಲಿ ಬ್ಯಾಕಪ್ ಪ್ರತಿ ಮಾತ್ರ ಇರಲಿ.

ಕಾನೂನಿನ ಹೊಣೆ

ಯಂತ್ರ ಹಳೆಯದಾದ ಮಾತ್ರಕ್ಕೆ ಹೊಣೆ ಹಗುರವಾಗುವುದಿಲ್ಲ. ಸರಕು ಮತ್ತು ಸೇವಾ ತೆರಿಗೆ ಕಾನೂನಿನಂತೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪುಸ್ತಕಗಳನ್ನು ಸಂರಕ್ಷಿಸಬೇಕು. ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕು. 2023ರ ಏಪ್ರಿಲ್ 1ರಿಂದ ಅವುಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ದಾಖಲಾಗುವುದೂ ಕಡ್ಡಾಯ. ಲಿನಕ್ಸ್ ಹಾಕಿದೊಡನೆ ಈ ಕೊನೆಯ ಷರತ್ತು ಪೂರೈಸಿದಂತಾಗದು. ಅದು ಲೆಕ್ಕ ತಂತ್ರಾಂಶದ ಕೆಲಸ.

ಹಳೆಯ ಹಾರ್ಡ್ ಡಿಸ್ಕ್ ಮತ್ತು ಪವರ್ ಸಪ್ಲೈಗಳು ಮುನ್ಸೂಚನೆಯಿಲ್ಲದೆ ಕೈಕೊಡಬಹುದು. ಆದ್ದರಿಂದ ಹಳೆಯ ಸರ್ವರ್‌ನಲ್ಲಿ ಯಾವುದೇ ದಾಖಲೆಯ ಏಕೈಕ ಪ್ರತಿ ಇರಕೂಡದು. ಎರಡು ಹೊಸ ಡಿಸ್ಕ್‌ಗಳನ್ನು ಅಳವಡಿಸಿ, ಲಿನಕ್ಸ್‌ನದೇ ಸಾಫ್ಟ್‌ವೇರ್ ರೈಡ್ ಮೂಲಕ ಜೋಡಿಸಿದರೆ ಹಳೆಯ ರೈಡ್ ಕಾರ್ಡಿನ ಅವಲಂಬನೆ ತಪ್ಪುತ್ತದೆ. ಇನ್ನೊಂದು ಪ್ರತಿ ಕಟ್ಟಡದ ಹೊರಗಿರಲಿ. ತಿಂಗಳಿಗೊಮ್ಮೆ ಒಂದು ಕಡತವನ್ನಾದರೂ ಬ್ಯಾಕಪ್‌ನಿಂದ ಮರಳಿ ಪಡೆದು ಪರೀಕ್ಷಿಸಬೇಕು.

ಕೊನೆಯದಾಗಿ, ಒಂದು ಹಾಳೆಯಲ್ಲಿ ವಾರ್ಷಿಕ ವಿದ್ಯುತ್ತು, ಹೊಸ ಡಿಸ್ಕ್, ಬಿಡಿಭಾಗ ಮತ್ತು ಲಿನಕ್ಸ್ ಬಲ್ಲ ತಂತ್ರಜ್ಞರ ಸಂಭಾವನೆಗಳನ್ನು ಬರೆಯಿರಿ. ಪಕ್ಕದಲ್ಲಿ ಹೊಸದೊಂದು ಸಣ್ಣ ಸರ್ವರ್‌ನ ಬೆಲೆಯನ್ನು ಐದು ವರ್ಷಗಳಿಗೆ ಹಂಚಿ, ಅದರ ವಿದ್ಯುತ್ ವೆಚ್ಚವನ್ನೂ ಪರವಾನಗಿಯನ್ನೂ ಸೇರಿಸಿ ಬರೆಯಿರಿ. ಮೊದಲನೆಯ ಮೊತ್ತ ಸ್ಪಷ್ಟವಾಗಿ ಕಡಿಮೆಯಿದ್ದು, ಕೆಟ್ಟರೆ ಕೂಡಲೇ ಬರುವ ತಂತ್ರಜ್ಞರೊಬ್ಬರು ಊರಿನಲ್ಲಿದ್ದರೆ ಹಳೆಯ ಸರ್ವರ್‌ಗೆ ಎರಡನೆಯ ಆಯುಷ್ಯ ಕೊಡಿ. ಇಲ್ಲವಾದರೆ ಡಿಸ್ಕ್‌ಗಳಲ್ಲಿನ ದತ್ತಾಂಶವನ್ನು ಪೂರ್ಣವಾಗಿ ಅಳಿಸಿ, ಯಂತ್ರವನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಕಾರರಿಗೆ ಒಪ್ಪಿಸಿ ರಸೀದಿ ಪಡೆಯಿರಿ.